ಟ್ರೇಲ್ ಬೈಕ್

ಟ್ರೇಲ್ ಬೈಕ್ ಎಂಬುದು ಕಾಡು ಹಾಗೂ ಗುಡ್ಡಗಾಡಿನ ಕಾಲುದಾರಿಗಳಲ್ಲಿ ನಿತ್ಯದ ಸವಾರಿಗೆಂದು ರೂಪಿಸಲಾದ ಮೌಂಟನ್ ಬೈಕಿನ ಒಂದು ಬಗೆ. ಏರು, ಇಳಿಜಾರುಗಳೆರಡಕ್ಕೂ ಹೊಂದುವುದು ಇದರ ಲಕ್ಷಣ.

ಇತಿಹಾಸ

ಮೌಂಟನ್ ಬೈಕುಗಳು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜನಪ್ರಿಯವಾದವು. ಅಲ್ಲಿನ ಹವ್ಯಾಸಿಗಳು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಮಾರ್ಪಡಿಸಿ ಬೆಟ್ಟದ ಮಣ್ಣುದಾರಿಗಳಲ್ಲಿ ಓಡಿಸುತ್ತಿದ್ದರು. 1977ರಲ್ಲಿ ಜೋ ಬ್ರೀಜ್ ಇದೇ ಉದ್ದೇಶಕ್ಕಾಗಿ ಹೊಸ ಚೌಕಟ್ಟನ್ನು ನಿರ್ಮಿಸಿದರು.

ಆಯ್ಕೆ

ಚೌಕಟ್ಟು ಸವಾರನ ದೇಹದ ಅಳತೆಗೆ ಹೊಂದುವುದು ಎಲ್ಲಕ್ಕಿಂತ ಮುಖ್ಯ. ಉಳಿದ ಭಾಗಗಳನ್ನು ಮುಂದೆ ಬದಲಾಯಿಸಬಹುದು. ತಪ್ಪು ಅಳತೆಯ ಚೌಕಟ್ಟನ್ನು ಸರಿಪಡಿಸಲಾಗದು. ಮುಂಭಾಗದಲ್ಲಿ ಮಾತ್ರ ಸಸ್ಪೆನ್ಷನ್ ಇರುವ ‘ಹಾರ್ಡ್‌ಟೇಲ್’ ಬೈಕಿನ ನಿರ್ವಹಣೆ ಸುಲಭ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಎರಡೂ ಕಡೆ ಸಸ್ಪೆನ್ಷನ್ ಇರುವ ಬೈಕಿನ ಹಿಂಚಕ್ರಕ್ಕೆ ಕಲ್ಲುದಾರಿಯಲ್ಲಿ ಹೆಚ್ಚು ಹಿಡಿತ ದೊರೆಯುತ್ತದೆ. ಸಸ್ಪೆನ್ಷನ್ನಿನ ಚಲನೆ ಸುಮಾರು 120ರಿಂದ 150 ಮಿ.ಮೀ., ಚಕ್ರಗಳ ಅಳತೆ ಹೆಚ್ಚಾಗಿ 27.5 ಅಥವಾ 29 ಅಂಗುಲ.

ಜೋಡಣೆ

ಬಿಡಿಭಾಗಗಳನ್ನು ಚೌಕಟ್ಟಿನ ಅಳತೆಗೆ ಅನುಗುಣವಾಗಿಯೇ ಕೊಳ್ಳಬೇಕಾಗುತ್ತದೆ. ಉದಾಹರಣೆಗೆ, 148 ಮಿ.ಮೀ. ಅಗಲದ ಹಿಂಚಕ್ರದ ಹಬ್ 142 ಮಿ.ಮೀ. ಚೌಕಟ್ಟಿನಲ್ಲಿ ಕೂರುವುದಿಲ್ಲ. ಬೋಲ್ಟುಗಳನ್ನು ತಯಾರಕರು ಸೂಚಿಸಿದಷ್ಟೇ ಬಿಗಿಯಲು ಟಾರ್ಕ್ ರೆಂಚ್ ಬಳಸಲಾಗುತ್ತದೆ. ಅತಿಯಾಗಿ ಬಿಗಿದರೆ ಕಾರ್ಬನ್ ಹ್ಯಾಂಡಲ್ ಬಿರುಕು ಬಿಡಬಹುದು. ಹೊಸ ಡಿಸ್ಕ್ ಬ್ರೇಕುಗಳು ಆರಂಭದಲ್ಲಿ ಪೂರ್ಣವಾಗಿ ಹಿಡಿಯುವುದಿಲ್ಲ. ಆದ್ದರಿಂದ ಕಡಿದಾದ ಇಳಿಜಾರಿಗೆ ಹೋಗುವ ಮೊದಲು ಸಮತಟ್ಟಾದ ದಾರಿಯಲ್ಲಿ ಅವುಗಳನ್ನು ಹಲವು ಬಾರಿ ಒತ್ತಿ ಪಳಗಿಸುವುದು ಅಗತ್ಯ.