ಒಂದು ಮಿಡಿತದ ಲೆಕ್ಕ

ಕವಿಗಳ ಕೈಯಲ್ಲಿ ಹೃದಯ ಪಟ್ಟ ಪಾಡನ್ನು ನಾವೆಲ್ಲರೂ ಬಲ್ಲೆವು. ಅದು ಕರಗುತ್ತದೆ, ಅರಳುತ್ತದೆ, ಒಡೆಯುತ್ತದೆ, ಪರರ ಪಾಲೂ ಆಗುತ್ತದೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಬಹುಕಾಲ ಹೃದಯವೆಂದರೆ ಇಷ್ಟೇ ಆಗಿತ್ತು. ಎದೆಗೂಡಿನೊಳಗಿನ ಆ ಮುಷ್ಟಿಗಾತ್ರದ ಸ್ನಾಯು ದಿಟವಾಗಿ ಮಾಡುವ ಕೆಲಸವೇನೆಂಬುದು ಒಂದು ಸರಳ ಗುಣಾಕಾರದಿಂದ ಬಯಲಾಯಿತೆಂದು ಓದಿದಾಗ ನಾನು ಬೆರಗಾದೆ. ಆ ಬೆರಗನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಹೇಳಿದ್ದನ್ನು ಯೂರೋಪಿನ ವೈದ್ಯಲೋಕ ಸುಮಾರು ಹದಿನಾಲ್ಕು ಶತಮಾನಗಳ ಕಾಲ ನಂಬಿಕೊಂಡು ಬಂದಿತ್ತು. ಉಂಡ ಅನ್ನವನ್ನು ಯಕೃತ್ತು ರಕ್ತವಾಗಿಸುತ್ತದೆ. ಹೊಲಕ್ಕೆ ಬಿಟ್ಟ ಕಾಲುವೆಯ ನೀರಿನಂತೆ ಆ ರಕ್ತ ಅಂಗಾಂಗಗಳಿಗೆ ಹರಿದು ಅಲ್ಲಿಯೇ ಇಂಗಿಹೋಗುತ್ತದೆ. ಅದರಲ್ಲಿ ಒಂದಿಷ್ಟು ಹೃದಯದ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ. ಇದು ಗೇಲನ್ನನ ಮತ.

ಆ ಗೋಡೆಯಲ್ಲಿ ರಂಧ್ರವೇ ಇಲ್ಲ, ರಕ್ತ ಶ್ವಾಸಕೋಶಗಳನ್ನು ಬಳಸಿಯೇ ಎಡಭಾಗಕ್ಕೆ ಬರಬೇಕು ಎಂದು ಹದಿಮೂರನೆಯ ಶತಮಾನದಲ್ಲಿ ಬರೆದವನು ಕೈರೋದಲ್ಲಿದ್ದ ವೈದ್ಯ ಇಬ್ನ್ ಅಲ್-ನಫೀಸ್. ಬರ್ಲಿನ್ನಿನಲ್ಲಿದ್ದ ಹಸ್ತಪ್ರತಿಯೊಂದರಲ್ಲಿ ಆ ಮಾತು ಆಧುನಿಕ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1924ರಲ್ಲಿ! ಸ್ಪೇನಿನ ಮೈಕೇಲ್ ಸರ್ವೀಟಸ್ ಇದೇ ಮಾತನ್ನು ತನ್ನ ಧರ್ಮಗ್ರಂಥವೊಂದರಲ್ಲಿ ಬರೆದ. ಧರ್ಮವಿರೋಧಿಯೆಂದು 1553ರಲ್ಲಿ ಜಿನೀವಾದಲ್ಲಿ ಅವನನ್ನು ಜೀವಂತ ಸುಟ್ಟರು. ಸತ್ಯವನ್ನು ಕಂಡರೆ ಸಾಲದು, ಅದು ಇನ್ನೊಬ್ಬರ ಕೈಗೆ ದಾಟಬೇಕು.

ವಿಲಿಯಂ ಹಾರ್ವೆ 1578ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ; ಇಟಲಿಯ ಪಾಡುವಾದಲ್ಲಿ ಓದಿ 1602ರಲ್ಲಿ ವೈದ್ಯನಾದ. ಅಲ್ಲಿನ ಅವನ ಗುರು ಫ್ಯಾಬ್ರೀಷಿಯಸ್ ಅಭಿಧಮನಿಗಳೊಳಗೆ ಸಣ್ಣ ಕವಾಟಗಳಿರುವುದನ್ನು ತೋರಿಸಿದ್ದ. ಕೈಕಾಲುಗಳಿಗೆ ರಕ್ತ ಒಮ್ಮೆಗೇ ನುಗ್ಗದಂತೆ ಅವು ತಡೆಯುತ್ತವೆ ಎಂಬುದು ಗುರುವಿನ ವಿವರಣೆ. ಆ ಬಾಗಿಲುಗಳೆಲ್ಲ ಹೃದಯದ ಕಡೆಗೇ ತೆರೆಯುತ್ತವೆಯಲ್ಲ, ಏಕೆ ಎಂಬುದು ಶಿಷ್ಯನ ಪ್ರಶ್ನೆ.

ಹಾರ್ವೆ ಹಾವು, ಮೀನು, ಕಪ್ಪೆಗಳ ನಿಧಾನಗತಿಯ ಹೃದಯಗಳನ್ನು ವರ್ಷಗಟ್ಟಲೆ ನೋಡಿದ. ಮೊದಮೊದಲು, ಹೃದಯದ ಚಲನೆ ದೇವರೊಬ್ಬನಿಗೇ ತಿಳಿದದ್ದಿರಬೇಕೆಂದು ಅವನಿಗೂ ಅನಿಸಿತ್ತಂತೆ. ಕೊನೆಗೆ ಲೆಕ್ಕಕ್ಕೆ ಕುಳಿತ. ಒಂದು ಮಿಡಿತಕ್ಕೆ ಅರ್ಧ ಔನ್ಸ್ ರಕ್ತ ಹೊರಬೀಳುತ್ತದೆಂದು ಇಟ್ಟುಕೊಳ್ಳೋಣ. ಅರ್ಧ ಗಂಟೆಯಲ್ಲಿ ಸಾವಿರ ಮಿಡಿತವೆಂದರೂ 500 ಔನ್ಸ್. ಅಂದರೆ ಹದಿನಾಲ್ಕು ಕಿಲೋ ರಕ್ತ! ಇಡೀ ದೇಹದಲ್ಲಿಯೇ ಅಷ್ಟಿಲ್ಲ. ಯಾವ ಊಟ ಇಷ್ಟನ್ನು ಹುಟ್ಟಿಸೀತು? ಹೋದ ರಕ್ತವೇ ಮರಳಿ ಬರುತ್ತಿರಬೇಕು. ಅವನು ಬೇಕೆಂದೇ ಕಡಿಮೆ ಲೆಕ್ಕ ಹಿಡಿದಿದ್ದ. ಇಂದಿನ ಅಳತೆಯಲ್ಲಿ ಮಿಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಮಿಡಿತ. ನಮ್ಮಲ್ಲಿರುವ ಐದು ಲೀಟರ್ ರಕ್ತವೆಲ್ಲ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ.

ಲೆಕ್ಕಕ್ಕೆ ಸಾಕ್ಷಿ ನಮ್ಮ ತೋಳಿನಲ್ಲೇ ಇದೆ. ತೋಳನ್ನು ಬಿಗಿಯಾಗಿ ಕಟ್ಟಿದರೆ ಮಣಿಕಟ್ಟಿನ ನಾಡಿ ನಿಂತು ಕೈ ತಣ್ಣಗಾಗುತ್ತದೆ. ಕಟ್ಟನ್ನು ತುಸು ಸಡಿಲಿಸಿದರೆ ಆಳದ ಅಪಧಮನಿಯಲ್ಲಿ ರಕ್ತ ಇಳಿಯುತ್ತದೆ. ಮೇಲ್ಪದರದ ಅಭಿಧಮನಿಗಳಲ್ಲಿ ಹಿಂದಿರುಗಲಾರದೆ ಕಟ್ಟಿನ ಕೆಳಗೆ ನಿಂತು ನರಗಳಂತೆ ಉಬ್ಬುತ್ತದೆ. ಬಲಗುಂಡಿಗೆಯಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಎಡಗುಂಡಿಗೆಗೆ, ಎಡಗುಂಡಿಗೆಯಿಂದ ಮೈಗೆಲ್ಲ, ಮೈಯಿಂದ ಮತ್ತೆ ಬಲಗುಂಡಿಗೆಗೆ: ಇದೇ ರಕ್ತದ ಪರಿಭ್ರಮಣ.

1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಆ ಲ್ಯಾಟಿನ್ ಪುಸ್ತಕ ಪುಟ್ಟದು. ಇದರಿಂದ ಮನುಕುಲವೆಲ್ಲ ತನಗೆ ಹಗೆಯಾದೀತೇನೋ ಎಂಬ ಅಳುಕನ್ನು ಹಾರ್ವೆ ಅದರಲ್ಲಿಯೇ ತೋಡಿಕೊಂಡಿದ್ದಾನೆ. ಅಳುಕು ಹುಸಿಯಾಗಲಿಲ್ಲ. ಪುಸ್ತಕ ಹೊರಬಂದ ಮೇಲೆ ಅವನಿಗೆ ತಲೆಕೆಟ್ಟಿದೆಯೆಂದು ಜನ ಆಡಿಕೊಂಡರು, ಅವನ ಬಳಿಗೆ ಬರುವ ರೋಗಿಗಳು ಕಡಿಮೆಯಾದರು ಎಂದು ಅವನನ್ನು ಬಲ್ಲ ಜಾನ್ ಆಬ್ರಿ ಬರೆದಿಟ್ಟಿದ್ದಾನೆ.

ಅವನ ವಾದದಲ್ಲಿ ಒಂದು ಕೊಂಡಿ ಕಳಚಿತ್ತು. ಅಪಧಮನಿಯ ತುದಿಯಿಂದ ಅಭಿಧಮನಿಯ ಬುಡಕ್ಕೆ ರಕ್ತ ದಾಟುವ ದಾರಿ ಎಲ್ಲಿ? ಅವನ ಕಣ್ಣಿಗೆ ಅದು ಕಾಣಲಿಲ್ಲ. ಗೇಲನ್ನನೂ ಕಾಣದ ರಂಧ್ರಗಳನ್ನು ನಂಬಿದ್ದನಲ್ಲವೆ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡೆ. ವ್ಯತ್ಯಾಸ ಇಷ್ಟು: ಗೇಲನ್ನನ ರಂಧ್ರ ಅವನ ಮತವನ್ನು ಉಳಿಸಲು ಬೇಕಾಗಿತ್ತು; ಹಾರ್ವೆಯ ದಾರಿಯನ್ನು ಲೆಕ್ಕವೇ ಕೇಳುತ್ತಿತ್ತು. 1657ರಲ್ಲಿ ಹಾರ್ವೆ ತೀರಿಕೊಂಡ. ನಾಲ್ಕು ವರ್ಷಗಳ ಅನಂತರ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕೂದಲಿಗಿಂತ ನವುರಾದ ಲೋಮನಾಳಗಳನ್ನು ಕಂಡ. ಹಾರ್ವೆ ಇದ್ದೇ ಇರಬೇಕೆಂದು ನಂಬಿದ್ದ ದಾರಿ ಅದೇ.

ಈಗ ಮಣಿಕಟ್ಟಿನ ಮೇಲೆ ಬೆರಳಿಟ್ಟಾಗಲೆಲ್ಲ ನನಗೆ ಕವಿತೆಯ ಜೊತೆಗೆ ಆ ಗುಣಾಕಾರವೂ ನೆನಪಾಗುತ್ತದೆ. ಹೃದಯದ ಬೆಲೆ ಅದರಿಂದ ನನಗೇನೂ ಕಡಿಮೆಯಾಗಿಲ್ಲ.