ಹೊಳೆಯುವ ಚುಕ್ಕಿ ಗ್ರಹವೋ, ನಕ್ಷತ್ರವೋ? ಬರಿಗಣ್ಣಿನ ವೀಕ್ಷಣೆಗೆ ಪಂಚಾಂಗದ ನೆರವು

2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಸಮೀಪ ಗಡಿ ಕಾಯುತ್ತಿದ್ದ ಭಾರತೀಯ ಸೇನೆಯು ಆಕಾಶದಲ್ಲಿ ಪ್ರಕಾಶಮಾನವಾದ ವಸ್ತುಗಳನ್ನು 329 ಬಾರಿ ಕಂಡು ದಾಖಲಿಸಿತ್ತು. ಅವು ಚೀನಾದ ಬೇಹುಗಾರಿಕೆ ಡ್ರೋನ್‌ಗಳಿರಬಹುದೆಂಬ ಶಂಕೆ ಮೂಡಿತ್ತು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೆರವು ಕೋರಲಾಯಿತು. ಆ ವಸ್ತುಗಳು ಎಷ್ಟು ಹೊತ್ತಿಗೆ ಕಾಣುತ್ತವೆ, ನಕ್ಷತ್ರಗಳ ನಡುವೆ ಹೇಗೆ ಸರಿಯುತ್ತವೆ ಎಂಬುದನ್ನು ಪರಿಶೀಲಿಸಿದ ವಿಜ್ಞಾನಿಗಳು, ಒಂದು ಗುರು, ಇನ್ನೊಂದು ಶುಕ್ರ ಎಂದು ತಿಳಿಸಿದರು. 2013ರ ಜುಲೈನಲ್ಲಿ ಈ ಸಂಗತಿ ಪತ್ರಿಕೆಗಳಲ್ಲಿ ಬೆಳಕಿಗೆ ಬಂತು.

ಸೈನಿಕರನ್ನು ನೋಡಿ ನಗುವಂತಿಲ್ಲ. ಸಂಜೆ ಮಹಡಿಯ ಮೇಲೆ ನಿಂತು ಪಶ್ಚಿಮದ ಹೊಳಪನ್ನು ವಿಮಾನದ ದೀಪವೆಂದು ಭಾವಿಸುವ ನಗರವಾಸಿಗಳೇನೂ ಕಡಿಮೆಯಿಲ್ಲ. ದೇವನಹಳ್ಳಿಯ ನಿಲ್ದಾಣದತ್ತ ನೇರವಾಗಿ ಬರುತ್ತಿರುವ ವಿಮಾನವೂ ಕ್ಷಣಕಾಲ ನಿಂತಂತೆಯೇ ಕಾಣುತ್ತದೆ. ಐದು ನಿಮಿಷ ಕಾದರೆ ಸಾಕು, ವಿಮಾನ ಸರಿದುಹೋಗುತ್ತದೆ, ಗ್ರಹ ಉಳಿಯುತ್ತದೆ.

ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದು ಗ್ರಹಗಳನ್ನು ಬರಿಗಣ್ಣಿನಿಂದ ಸುಲಭವಾಗಿ ನೋಡಬಹುದು. ಇದಕ್ಕೆ ದೂರದರ್ಶಕ ಬೇಡ. ಹಳ್ಳಿಯ ಕತ್ತಲೆಯೂ ಅನಿವಾರ್ಯವಲ್ಲ. ಬೆಂಗಳೂರಿನ ಬೀದಿದೀಪಗಳು ಆಕಾಶಗಂಗೆಯನ್ನು ಅಳಿಸಿಹಾಕಿದ್ದರೂ ಶುಕ್ರ, ಗುರುಗಳನ್ನು ಅಳಿಸಲಾರವು.

ಗ್ರಹಗಳ ದಾರಿ

ಚಿಂತಾಮಣಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೆಂಚಾರ್ಲಹಳ್ಳಿಯನ್ನು ವೀಕ್ಷಣಾ ಸ್ಥಳವೆಂದು ಭಾವಿಸೋಣ. ಇದು ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಧ್ರುವ ನಕ್ಷತ್ರವು ಉತ್ತರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ. ಸೂರ್ಯನು ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಸೂರ್ಯ ವರ್ಷವಿಡೀ ಕ್ರಮಿಸುವ ಈ ಕ್ರಾಂತಿವೃತ್ತದ ಆಸುಪಾಸಿನಲ್ಲೇ ಚಂದ್ರನೂ ಎಲ್ಲ ಗ್ರಹಗಳೂ ಸಂಚರಿಸುತ್ತವೆ. ಉತ್ತರ ದಿಗಂತದ ಬಳಿ ಕಾಣುವ ಚುಕ್ಕಿ ಎಷ್ಟೇ ಹೊಳೆದರೂ ಗ್ರಹವಲ್ಲ. ದಕ್ಷಿಣದಲ್ಲಿ ತಗ್ಗಿನಲ್ಲಿ ಬೆಳಗುವ ಅಗಸ್ತ್ಯವೂ ಅಷ್ಟೆ.

ಈ ದಾರಿಯ ಸನಿಹದಲ್ಲಿ ತುಂಬ ಪ್ರಕಾಶಮಾನವಾದ ನಕ್ಷತ್ರಗಳಿರುವುದು ನಾಲ್ಕೇ: ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ. ಪುನರ್ವಸು ತುಸು ಉತ್ತರಕ್ಕಿದೆ. ಇವುಗಳ ಗುರುತು ಸಿಕ್ಕವರಿಗೆ ಮುಂದಿನ ಕೆಲಸ ಸಲೀಸು. ದಾರಿಯಲ್ಲಿ ಹೆಚ್ಚುವರಿಯಾಗಿ ಕಂಡ ಪ್ರಖರ ಚುಕ್ಕಿಯೇ ಗ್ರಹ. ಗ್ರಹ ಮಿನುಗುವುದಿಲ್ಲ ಎಂಬ ಶಾಲಾಪಾಠ ಬಹುಮಟ್ಟಿಗೆ ನಿಜ. ನಕ್ಷತ್ರ ಬಿಂದುವಿನಷ್ಟೇ, ಗ್ರಹಕ್ಕೆ ಪುಟ್ಟ ಬಿಲ್ಲೆಯಷ್ಟು ಅಗಲವಿದೆ. ಆದರೆ ದಿಗಂತದ ಬಳಿ ದಟ್ಟ ಗಾಳಿಯ ಮೂಲಕ ನೋಡಿದಾಗ ಗ್ರಹವೂ ತುಯ್ದಾಡುತ್ತದೆ. ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಸೂರ್ಯನಿಂದ ಇರುವ ದೂರ ಇನ್ನೊಂದು ಸುಳಿವು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಶುಕ್ರವು ಸೂರ್ಯನಿಂದ 47 ಡಿಗ್ರಿಗಿಂತ, ಅಂದರೆ ಐದು ಮುಷ್ಟಿಗಿಂತ, ದೂರ ಹೋಗದು. ಬುಧಕ್ಕೆ 28 ಡಿಗ್ರಿಯೇ ಮಿತಿ. ನಡುರಾತ್ರಿ ನೆತ್ತಿಯ ಮೇಲೆ ಬೆಳಗುತ್ತಿರುವುದು ಶುಕ್ರವಾಗಿರಲು ಸಾಧ್ಯವೇ ಇಲ್ಲ, ಅದು ಬಹುತೇಕ ಗುರು. ಶುಕ್ರವು ಕೆಲವು ತಿಂಗಳು ಸಂಜೆ ಪಶ್ಚಿಮದಲ್ಲಿ, ಮುಂದೆ ಕೆಲವು ತಿಂಗಳು ನಸುಕಿನಲ್ಲಿ ಪೂರ್ವದಲ್ಲಿ ಕಾಣುತ್ತದೆ. ಇಡೀ ಆವರ್ತಕ್ಕೆ 584 ದಿನ ಬೇಕು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ನಸುಕಿನಲ್ಲೇ ಹೊರಡುವ ರೈತರಿಗೆ ಎದುರಾಗುವ ಬೆಳ್ಳಿಚುಕ್ಕಿ ಇದೇ.

ಗುರು ಬಿಳಿ, ಶನಿ ಮಂಕು ಹಳದಿ. ಮಂಗಳವೇ ಗೊಂದಲ ತರುವ ಗ್ರಹ. ಸುಮಾರು 26 ತಿಂಗಳಿಗೊಮ್ಮೆ ಭೂಮಿಯನ್ನು ಸಮೀಪಿಸಿದಾಗ ಕೆಂಡದಂತೆ ಉರಿಯುವ ಅದು ಉಳಿದ ಕಾಲದಲ್ಲಿ ಸಾಧಾರಣ ನಕ್ಷತ್ರದಂತೆ ಸಪ್ಪೆಯಾಗುತ್ತದೆ. ಆಗ ಅದನ್ನು ರೋಹಿಣಿ ಅಥವಾ ಜ್ಯೇಷ್ಠಾ ಎಂದು ತಪ್ಪಾಗಿ ತಿಳಿಯುವ ಸಂಭವ ಹೆಚ್ಚು, ಮೂರರದೂ ಕೆಂಪು ಛಾಯೆ.

ಗೋಡೆಯ ಮೇಲಿನ ನಕ್ಷೆ

ಮೊಬೈಲ್ ತಂತ್ರಾಂಶಗಳು ಗ್ರಹದ ಹೆಸರನ್ನು ಕೂಡಲೇ ಹೇಳುತ್ತವೆ, ನಿಜ. ಆದರೆ ಕನ್ನಡಿಗರ ಮನೆಗಳಲ್ಲಿ ಯುಗಾದಿಗೆಂದು ಕೊಂಡ ಪಂಚಾಂಗದಲ್ಲೇ ಈ ಮಾಹಿತಿ ಇದೆ. ಅದನ್ನು ಆಕಾಶದೊಂದಿಗೆ ಹೋಲಿಸಿ ನೋಡುವ ರೂಢಿ ಮಾತ್ರ ತಪ್ಪಿಹೋಗಿದೆ. ಪಂಚಾಂಗದಲ್ಲಿ ಗುರು ಮೌಢ್ಯ ಅಥವಾ ಶುಕ್ರ ಮೌಢ್ಯ ಎಂದಿದ್ದರೆ ಮದುವೆಯ ಮುಹೂರ್ತಗಳು ನಿಲ್ಲುತ್ತವೆ. ವೀಕ್ಷಕನಿಗೆ ಅದರ ಅರ್ಥ ಇಷ್ಟೇ: ಆ ಗ್ರಹ ಸೂರ್ಯನ ಪ್ರಭೆಯಲ್ಲಿ ಮುಳುಗಿದೆ, ಹುಡುಕಿ ಫಲವಿಲ್ಲ. ವಕ್ರಗತಿ ಎಂದಿದ್ದರೆ ನಕ್ಷತ್ರಗಳ ನಡುವೆ ಅದು ಹಿಂದಕ್ಕೆ ಸರಿಯುತ್ತಿದೆ. ಏಳೂವರೆ ಶನಿಯ ಲೆಕ್ಕವೂ ಖಗೋಳದಿಂದಲೇ ಬಂದದ್ದು. ಶನಿ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಕ್ಕೆ ಒಂದು ಸುತ್ತು ಮುಗಿಸುವುದರಿಂದ ಒಂದೊಂದು ರಾಶಿಗೆ ಸುಮಾರು ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಗುರು ಒಂದು ರಾಶಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುತ್ತದೆ. ಅದು ಮಕರವನ್ನು ಪ್ರವೇಶಿಸಿದ್ದರಿಂದ 2020ರ ನವೆಂಬರ್ 20ರಂದು ತುಂಗಭದ್ರಾ ಪುಷ್ಕರ ಆರಂಭವಾಯಿತು. ಅದೇ ಗುರು ಸುಮಾರು ಒಂದು ತಿಂಗಳ ಬಳಿಕ, ಡಿಸೆಂಬರ್ 21ರ ಸಂಜೆ, ಶನಿಯಿಂದ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಅಂತರಕ್ಕೆ ಬಂದಿತ್ತು. 1623ರ ಬಳಿಕ ಇವೆರಡೂ ಇಷ್ಟು ಸನಿಹ ಬಂದಿರಲಿಲ್ಲ. ಸ್ನಾನಕ್ಕೆ ಹೋದವರಲ್ಲಿ ಎಷ್ಟು ಮಂದಿ ಸಂಜೆ ತಲೆಯೆತ್ತಿ ಪಶ್ಚಿಮಕ್ಕೆ ನೋಡಿದರೋ!

ಆದರೆ ಒಂದು ಎಚ್ಚರಿಕೆ ಅಗತ್ಯ. ಪಂಚಾಂಗದ ರಾಶಿಗಳು ತಲಾ 30 ಡಿಗ್ರಿಯ ಸಮಪಾಲು. ಆಕಾಶದ ತಾರಾಪುಂಜಗಳು ಹಾಗಿಲ್ಲ, ಕನ್ಯಾ ವಿಶಾಲ, ಕರ್ಕಾಟಕ ಕಿರಿದು. ಆದ್ದರಿಂದ ಗಡಿಯ ಬಳಿಯಿರುವ ಗ್ರಹ ಪಕ್ಕದ ಪುಂಜದಲ್ಲಿ ಕಾಣಬಹುದು. ಹಳೆಯ ಸಿದ್ಧಾಂತಗಳ ಸೂತ್ರದಂತೆ ಗಣಿಸಿದ ಪಂಚಾಂಗಗಳಿಗೂ ಆಧುನಿಕ ವೀಕ್ಷಣೆಗೆ ಹೊಂದಿಸಿದ ದೃಗ್ಗಣಿತ ಪಂಚಾಂಗಗಳಿಗೂ ವ್ಯತ್ಯಾಸವಿರುತ್ತದೆ. ಮೇಘನಾದ ಸಹಾ ನೇತೃತ್ವದಲ್ಲಿ 1952ರಲ್ಲಿ ನೇಮಕಗೊಂಡ ಸಮಿತಿಯ ಶಿಫಾರಸಿನ ಮೇರೆಗೆ ಬಂದ ರಾಷ್ಟ್ರೀಯ ಪಂಚಾಂಗ ಎರಡನೆಯ ಬಗೆಯದು, ಅದು ಕನ್ನಡದಲ್ಲೂ ಪ್ರಕಟವಾಗಿದೆ. ಯಾವ ಪಂಚಾಂಗ ಸರಿ ಎಂಬ ವಾದವನ್ನು ಮಹಡಿಯ ಮೇಲೆ ನಿಂತೇ ಬಗೆಹರಿಸಿಕೊಳ್ಳಬಹುದು. ಚಂದ್ರ ಪ್ರತಿ ತಿಂಗಳೂ ಪ್ರತಿಯೊಂದು ಗ್ರಹದ ಸಮೀಪ ಹಾದುಹೋಗುತ್ತದೆ. ಆ ದಿನಾಂಕವನ್ನು ಪಂಚಾಂಗದಿಂದ ತಿಳಿದು ಅದೇ ರಾತ್ರಿ ನೋಡುವುದು ಅತ್ಯಂತ ಸರಳ ಪರೀಕ್ಷೆ.

ಕಲಿಯಲು ಹೇಳಿಮಾಡಿಸಿದ ತಿಂಗಳು 2027ರ ಫೆಬ್ರವರಿ. ಆ ತಿಂಗಳ 10ರ ಸುಮಾರಿಗೆ ಗುರು, 19ರಂದು ಮಂಗಳ, ಭೂಮಿಯಿಂದ ಕಂಡಂತೆ ಸೂರ್ಯನಿಗೆ ನೇರ ಎದುರು ಬರುತ್ತವೆ. ಸಂಜೆ ಪೂರ್ವದಲ್ಲಿ ಮೂಡಿ ಇಡೀ ರಾತ್ರಿ ಕಾಣುತ್ತವೆ. ಕೆಂಪು ಮಂಗಳವು ನೀಲಿಬಿಳುಪಿನ ಮಘಾ ನಕ್ಷತ್ರದ ಬಳಿಯಲ್ಲೇ ಇರುವುದರಿಂದ ಬಣ್ಣದ ಭೇದ ಸ್ಪಷ್ಟವಾಗಿ ತೋರುತ್ತದೆ. ಪಂಚಾಂಗದಲ್ಲಿ ಗುರು ಆಗ ಕರ್ಕಾಟಕದಲ್ಲಿದೆ, ಆಕಾಶದಲ್ಲಿ ಸಿಂಹದ ಗಡಿಯೊಳಗೆ ಕಾಣುತ್ತದೆ. ಕೆಂಚಾರ್ಲಹಳ್ಳಿಯ ರೇಖಾಂಶಕ್ಕೆ ಅವು ಅತ್ಯಂತ ಮೇಲೇರುವುದು ಮಧ್ಯರಾತ್ರಿ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಆಗ ಎರಡೂ ನೆತ್ತಿಯ ಸಮೀಪವೇ ಇರುವುದರಿಂದ ಚಾಪೆ ಹಾಸಿ ಮಲಗಿ ನೋಡುವುದು ಕತ್ತಿಗೆ ಹಿತ.