ವೀಣೆಯ ದಂಡಿಯೂ ಮೇಳವೂ

ಕ್ರಿ. ಶ. 1550ರಲ್ಲಿ ವಿಜಯನಗರದ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ರಚಿಸಿದ ಸ್ವರಮೇಳಕಲಾನಿಧಿಯಲ್ಲಿ ಶುದ್ಧಮೇಳ, ಮಧ್ಯಮೇಳ, ಅಚ್ಯುತರಾಜೇಂದ್ರಮೇಳವೆಂಬ ವೀಣೆಗಳೂ, ಅವುಗಳಲ್ಲಿ ಏಕರಾಗಮೇಳ, ಸರ್ವರಾಗಮೇಳವೆಂಬ ಭೇದಗಳೂ ಉಕ್ತವಾಗಿವೆ. ಮೊದಲನೆಯದರಲ್ಲಿ ರಾಗವು ಬದಲಾದಂತೆ ಮೆಟ್ಟಿಲುಗಳನ್ನು ಸರಿಸಬೇಕು. ಎರಡನೆಯದರಲ್ಲಿ ಅವು ಸ್ಥಿರವಾದವು. ಇಂದಿನ ವೀಣೆಯ 24 ಮೆಟ್ಟಿಲುಗಳು ಈ ಎರಡನೆಯ ಕ್ರಮವನ್ನೇ ಅನುಸರಿಸಿರುವುವು.

ಗಣಿತದಂತೆ 12ನೆಯ ಮೆಟ್ಟಿಲು ತಂತಿಯ ಅರ್ಧದಲ್ಲಿಯೂ, 24ನೆಯದು ಕಾಲುಭಾಗವು ಉಳಿಯುವಲ್ಲಿಯೂ ಇರತಕ್ಕುದು. ಆದರೆ ಬೆರಳೊತ್ತಿದೊಡನೆ ತಂತಿಯ ಬಿಗಿ ಹೆಚ್ಚಿ ಸ್ವರವು ಏರುವುದು; ಆ ಏರಿಕೆಯು ತಂತಿಗೂ ಮೆಟ್ಟಿಲಿಗೂ ಇರುವ ಅಂತರವನ್ನು ಅವಲಂಬಿಸಿದೆ. ದಂಡಿಯು ಬಾಗಿದರೆ ಆ ಅಂತರವೇ ಕೆಡುವುದು. ಆದುದರಿಂದಲೇ ಚೆನ್ನಾಗಿ ಒಣಗಿದ ಹಲಸಿನ ಮರವನ್ನು ಆರಿಸಿ, ದಂಡಿಯನ್ನು ನೇರವಾಗಿ ಕೆತ್ತುವುದು ಮೊದಲ ಕೆಲಸ.

ಗಿಟಾರಿನಲ್ಲಿ ಅಳತೆ ಹಿಡಿದು ಕೊಯ್ದ ಸೀಳುಗಳೊಳಗೆ ಲೋಹದ ಪಟ್ಟಿಗಳನ್ನು ಬಡಿದು ಕೂರಿಸುವರು; ಅಲ್ಲಿ ಅಳತೆಯೇ ಪ್ರಮಾಣ. ವೀಣೆಯಲ್ಲಾದರೋ ದಂಡಿಯ ಎರಡು ಅಂಚುಗಳಲ್ಲಿ ಕಪ್ಪು ಬೆರೆಸಿದ ಮೇಣವನ್ನು ಹಾಸಿ, ಮೀಟಿ ಕೇಳುತ್ತ, ಒಂದೊಂದು ಮೆಟ್ಟಿಲನ್ನೂ ಅದರ ಸ್ಥಾನದಲ್ಲಿ ಒತ್ತುವರು. ಇದಕ್ಕೆ ಮೇಳ ಕಟ್ಟುವುದೆಂದು ಹೆಸರು. ಇಲ್ಲಿ ಕಿವಿಯೇ ಪ್ರಮಾಣ. ಮೇಣವು ಕಾಲಕ್ರಮದಲ್ಲಿ ಸಡಿಲವಾದರೆ ಮೇಳವನ್ನು ಮತ್ತೆ ಕಟ್ಟಬೇಕಾಗುವುದು.

ಅರಿಶಿನಕುಂಟೆಯಿರುವ ನೆಲಮಂಗಲ ಸೀಮೆಗೆ ನೆರೆಯದಾದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ವೀಣೆಯ ಊರೆಂದೇ ಪ್ರಸಿದ್ಧ. ರಾಮಾಮಾತ್ಯನ ಸಾರಿಕಾಲಕ್ಷಣವನ್ನು ಪಾಠ ಹೇಳುವವರು ಇಂತಹ ಕಮ್ಮಟಗಳಲ್ಲಿ ಮೇಳ ಕಟ್ಟುವುದನ್ನೊಮ್ಮೆ ನೋಡುವುದು ಅವಶ್ಯಕ. ಗ್ರಂಥದ ಸೂಕ್ಷ್ಮಾರ್ಥವು ಈ ಕೈಗಳಲ್ಲಿ ಉಳಿದಿದೆ. ಕೈಗೆಲಸವು ನಿಂತರೆ ಶ್ಲೋಕವು ಉಳಿದೀತು, ಅದರ ಅರ್ಥವು ಉಳಿಯಲಾರದು.